ಎರಡು ತುದಿ ಗಟ್ಟಿ, ನಡುವೆಲ್ಲ ಸಡಿಲ

ಆಲ್ದೂರಿನ ಹತ್ತಿರ ನಮ್ಮದು ಕಾಫಿ ತೋಟ. ನಾನೂ ನನ್ನ ಹೆಂಡತಿಯೂ ಮೈಲ್ಸ್, ಅಂದರೆ ವಿಮಾನ ಕಂಪನಿಯ ಪಾಯಿಂಟ್ ಬಳಸಿ ಬಿಸಿನೆಸ್ ಕ್ಲಾಸಿನಲ್ಲಿ ಇಥಿಯೋಪಿಯಾ, ಆಸ್ಟ್ರಿಯಾ, ಇಟಲಿ ನೋಡಿಬಂದೆವು ಅಂದಾಗಿನಿಂದ ಚಿಕ್ಕಮಗಳೂರಿನಲ್ಲಿ ಸಿಕ್ಕಿದವರೆಲ್ಲ "ಯಾವ ಕಾರ್ಡ್ ತಗೊಂಡ್ರಿ?" ಅಂತ ಕೇಳುತ್ತಾರೆ. ನಾನು ಟಿಕೆಟ್ ಕಟ್ಟಿದ ರೀತಿಯನ್ನು ಮೊದಲು ಹೇಳುತ್ತೇನೆ. ಹೋಗುವುದು ಮತ್ತು ಬರುವುದು, ಈ ಎರಡನ್ನು ಮಾತ್ರ ಮೈಲ್ಸ್‌ನಲ್ಲಿ ಭದ್ರ ಮಾಡಿಕೊಂಡೆವು. ನಡುವಿನ ದಿನಗಳನ್ನು ಬೇಕೆಂದೇ ಖಾಲಿ ಬಿಟ್ಟೆವು. ಪ್ರವಾಸದಲ್ಲಿ ನಮಗೆ ಸಿಕ್ಕ ಒಳ್ಳೆಯದೆಲ್ಲ ಆ ಖಾಲಿ ಜಾಗದಲ್ಲೇ ಸಿಕ್ಕಿತು.

ಕ್ರೆಡಿಟ್ ಕಾರ್ಡಿನಲ್ಲಿ ಖರ್ಚು ಮಾಡಿದರೆ ಬ್ಯಾಂಕ್ ಪಾಯಿಂಟ್ ಕೊಡುತ್ತದೆ, ಅವನ್ನೇ ಮೈಲ್ಸ್ ಮಾಡಿಕೊಳ್ಳುವುದು. ನಮಗೆ ಪಾಯಿಂಟ್ ಕೂಡಿದ್ದು ತೋಟದ ಖರ್ಚಿನಿಂದ. ಗೊಬ್ಬರ, ಮೈಲುತುತ್ತು, ಸ್ಪ್ರಿಂಕ್ಲರ್ ಪೈಪು ಹೇಗಿದ್ದರೂ ಕೊಳ್ಳಲೇಬೇಕಾದವು. ಕಾರ್ಡಿಗೆ ಮೇಲೆ ಶುಲ್ಕ ಹಾಕುವ ಅಂಗಡಿಯಲ್ಲಿ ನಾನು ಕಾರ್ಡ್ ಉಜ್ಜುವುದಿಲ್ಲ, ಪಾಯಿಂಟ್‌ಗೋಸ್ಕರ ಬೇಡದ್ದನ್ನು ಕೊಳ್ಳುವುದೂ ಇಲ್ಲ. ಬಿಲ್ ಪೂರ್ತಿ ಕಟ್ಟದೆ ಬಾಕಿ ಉಳಿಸಿಕೊಳ್ಳುವವರು ಈ ದಾರಿಗೆ ಬರಲೇಬಾರದು. ನಮ್ಮಲ್ಲಿ ಕ್ರೆಡಿಟ್ ಕಾರ್ಡಿನ ಬಡ್ಡಿ ತಿಂಗಳಿಗೆ ಶೇ. 3.5ರ ಆಸುಪಾಸು, ಅಂದರೆ ವರ್ಷಕ್ಕೆ ಶೇ. 40 ದಾಟುತ್ತದೆ. ಅದರ ಮುಂದೆ ಯಾವ ಬಿಸಿನೆಸ್ ಕ್ಲಾಸ್ ಸೀಟೂ ಲಾಭವಲ್ಲ.

ಬ್ಯಾಂಕಿನ ಪಾಯಿಂಟ್ ಒಮ್ಮೆ ವಿಮಾನ ಕಂಪನಿಯ ಖಾತೆಗೆ ಹೋದರೆ ವಾಪಸ್ ಬರುವುದಿಲ್ಲ. ಹಾಗಾಗಿ ಸೀಟು ಕಣ್ಣಿಗೆ ಬಿದ್ದ ಮೇಲೆ ವರ್ಗಾಯಿಸುವುದು ನನ್ನ ಕ್ರಮ. ಹೆಸರಿನ ವಿಷಯವನ್ನು ನಮ್ಮ ಕಡೆಯವರು ವಿಶೇಷವಾಗಿ ಗಮನಿಸಬೇಕು. ಬ್ಯಾಂಕಿನಲ್ಲಿ ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ಅಪ್ಪನ ಪೂರ್ತಿ ಹೆಸರು ಇದ್ದರೆ ವರ್ಗಾವಣೆ ತಡೆಯಬಹುದು. ಮೈಲ್ಸ್ ಖಾತೆ ತೆರೆಯುವಾಗಲೇ ಪಾಸ್‌ಪೋರ್ಟಿನಲ್ಲಿರುವ ಹಾಗೇ ಬರೆದು, ಬ್ಯಾಂಕಿನ ದಾಖಲೆಯನ್ನೂ ಅದಕ್ಕೆ ಹೊಂದಿಸಿದೆ.

ನಾನು ಆರಿಸಿಕೊಂಡದ್ದು ಏರ್ ಕೆನಡಾದ ಏರೋಪ್ಲಾನ್ ಎಂಬ ಮೈಲ್ಸ್ ಯೋಜನೆ. ಕೆನಡಾಕ್ಕೆ ಹೋಗದವನಿಗೆ ಅದೇಕೆ ಅನ್ನಿಸಬಹುದು. ಏರ್ ಕೆನಡಾ ಇರುವ ಸ್ಟಾರ್ ಅಲೈಯನ್ಸ್ ಎಂಬ ವಿಮಾನ ಕಂಪನಿಗಳ ಕೂಟದಲ್ಲಿ ಇಥಿಯೋಪಿಯನ್ ಇದೆ, ಲುಫ್ತಾನ್ಸಾ ಇದೆ. ಎರಡೂ ಬೆಂಗಳೂರಿನಿಂದ ಹಾರುತ್ತವೆ, ಎರಡರ ಸೀಟನ್ನೂ ಏರೋಪ್ಲಾನ್ ಪಾಯಿಂಟ್‌ನಲ್ಲಿ ಕೊಳ್ಳಬಹುದು. ಕೆಲವು ಕಂಪನಿಗಳು ಮೈಲ್ಸ್ ಟಿಕೆಟ್ ಮೇಲೂ ದೊಡ್ಡ ಇಂಧನ ಸರ್‌ಚಾರ್ಜ್ ಹೇರುತ್ತವೆ, ಇದರಲ್ಲಿ ಅದಿಲ್ಲ. ವಿಮಾನ ನಿಲ್ದಾಣದ ತೆರಿಗೆ, ಸಣ್ಣ ಬುಕಿಂಗ್ ಶುಲ್ಕ ಕಟ್ಟಿದರಾಯಿತು. ಎಲ್ಲಕ್ಕಿಂತ ಮಿಗಿಲಾಗಿ, ನಾನು ಬುಕ್ ಮಾಡುವಾಗ ಒಮ್ಮುಖ ಟಿಕೆಟ್‌ಗೆ 5,000 ಪಾಯಿಂಟ್ ಹೆಚ್ಚು ಕೊಟ್ಟರೆ ದಾರಿಯ ಊರಿನಲ್ಲಿ 45 ದಿನಗಳವರೆಗೆ ಇಳಿದುಕೊಳ್ಳಬಹುದಿತ್ತು. ಬೆಂಗಳೂರಿನಿಂದ ಅಡಿಸ್ ಅಬಾಬಾ, ಅಲ್ಲಿ ಇಳಿದು ಸುತ್ತಾಡಿ, ಆಮೇಲೆ ವಿಯೆನ್ನಾ: ಇದಿಷ್ಟೂ ಒಂದೇ ಟಿಕೆಟ್. ಬರುವುದಕ್ಕೆ ಜರ್ಮನಿಯ ಮ್ಯೂನಿಕ್‌ನಿಂದ ಬೆಂಗಳೂರಿಗೆ ಇನ್ನೊಂದು ಒಮ್ಮುಖ ಟಿಕೆಟ್.

ಒಂದೇ ವಿಮಾನದಲ್ಲಿ ಇಬ್ಬರಿಗೂ ಸೀಟು ಸಿಗುವುದೇ ಇದರಲ್ಲಿ ಕಷ್ಟದ ಭಾಗ. ಒಂದೊಂದು ಸೀಟು ಬೇಕಾದಷ್ಟು ಕಾಣುತ್ತದೆ. ಅರೇಬಿಕಾ ಕಾಫಿಯ ಕುಯ್ಲಿಗೆ ಮೊದಲು, ಅಕ್ಟೋಬರಿನಲ್ಲಿ ಹೋಗಿಬರಬೇಕೆಂದು ತಿಂಗಳುಗಳ ಮುಂಚಿನಿಂದಲೇ ರಾತ್ರಿ ಊಟ ಆದಮೇಲೆ ಹುಡುಕುತ್ತಿದ್ದೆ. ದಿನವನ್ನು ಹಿಂದೆ ಮುಂದೆ ಜರುಗಿಸಲು ತಯಾರಿದ್ದವರಿಗೆ ಮಾತ್ರ ಇದು ಒಗ್ಗುತ್ತದೆ. ಮದುವೆ, ಪರೀಕ್ಷೆ ಎಂದು ತಾರೀಖಿಗೆ ಕಟ್ಟಿಬಿದ್ದವರು ದುಡ್ಡು ಕೊಟ್ಟು ಕೊಳ್ಳುವುದೇ ವಾಸಿ.

ನಡುವನ್ನು ಖಾಲಿ ಬಿಡುವುದೆಂದರೆ ತಯಾರಿ ಇಲ್ಲದೆ ಹೊರಡುವುದು ಅಂತಲ್ಲ. ಹಳದಿ ಜ್ವರದ ಲಸಿಕೆಯನ್ನೇ ನೋಡಿ. ಇಥಿಯೋಪಿಯಾ ಬಿಟ್ಟು ಆರು ದಿನದೊಳಗೆ ಭಾರತಕ್ಕೆ ಬಂದರೆ ಆ ಲಸಿಕೆಯ ಪ್ರಮಾಣಪತ್ರ ಬೇಕು, ಇಲ್ಲದಿದ್ದರೆ ಆರು ದಿನದವರೆಗೆ ಪ್ರತ್ಯೇಕ ಇಡುತ್ತಾರೆ. ನಾವು ಯುರೋಪಿನಲ್ಲಿ ಅದಕ್ಕಿಂತ ಹೆಚ್ಚು ದಿನ ಇರುವವರು. ಆದರೂ ಹಾಕಿಸಿಕೊಂಡೆವು. ಮನೆಯಿಂದ ಫೋನ್ ಬಂದು ಅಡಿಸ್‌ನಿಂದಲೇ ತಿರುಗಿ ಹೊರಡಬೇಕಾದರೆ? ಲಸಿಕೆ ಹಾಕಿಸಿ ಹತ್ತು ದಿನ ಕಳೆದ ಮೇಲಷ್ಟೇ ಪ್ರಮಾಣಪತ್ರಕ್ಕೆ ಬೆಲೆ. ಒಮ್ಮೆ ಹಾಕಿಸಿದರೆ ಜೀವನಪೂರ್ತಿ ನಡೆಯುತ್ತದೆ. ಅರವತ್ತು ದಾಟಿದವರು ವೈದ್ಯರನ್ನು ಕೇಳದೆ ಹಾಕಿಸಿಕೊಳ್ಳಬೇಡಿ. ಇಥಿಯೋಪಿಯಾಕ್ಕೆ ಇ-ವೀಸಾ ಮಾಡಿಸಿದೆವು. ಯುರೋಪಿನ ಹಲವು ದೇಶಗಳಿಗೆ ಒಟ್ಟಿಗೆ ನಡೆಯುವ ಷೆಂಗೆನ್ ವೀಸಾವನ್ನು ಹೆಚ್ಚು ರಾತ್ರಿ ತಂಗುವ ದೇಶದಿಂದ ಪಡೆಯಬೇಕು, ನಮಗದು ಆಸ್ಟ್ರಿಯಾ. ಅದು ಕೈಗೆ ಬಂದ ಮೇಲೆ ಇಟಲಿಗೂ ದಾರಿಯಲ್ಲಿ ಸಿಗುವ ಸ್ಲೊವೇನಿಯಾಕ್ಕೂ ಬೇರೆ ವೀಸಾ ಬೇಕಿಲ್ಲ.

ಅಡಿಸ್ ಊರೇ ಸಮುದ್ರಮಟ್ಟದಿಂದ 2,300 ಮೀಟರಿಗೂ ಮೇಲಿದೆ, ನಮ್ಮ ಮುಳ್ಳಯ್ಯನಗಿರಿಯ ತುದಿಗಿಂತ ಎತ್ತರ. ಮೊದಲ ದಿನ ಮೆಟ್ಟಿಲು ಹತ್ತುವಾಗ ಏದುಸಿರು. ರಾಜಧಾನಿ ನೋಡಿಕೊಂಡು ವಿಯೆನ್ನಾಕ್ಕೆ ಹೊರಡುವುದು ಎಂದುಕೊಂಡಿದ್ದೆವು. ಎರಡನೇ ಸಂಜೆ ಹೋಟೆಲಿನವರ ಜೊತೆ ಮಾತಾಡುವಾಗ ಕಾಫಿ ಸೀಮೆಯಾದ ಜಿಮ್ಮಾ ಕಡೆ ಹಣ್ಣು ಕುಯ್ಯಲು ಶುರುವಾಗಿದೆ ಅಂದರು. ನಮ್ಮ ತೋಟದಲ್ಲಿರುವುದು ಎಸ್. 9 ಎಂಬ ಕಾಫಿ ತಳಿ. ಅದರ ಒಂದು ತಾಯಿಬೇರು ಇಥಿಯೋಪಿಯಾದ ಟಫಾರಿಕೆಲಾ ಎಂಬ ಅರೇಬಿಕಾ. ಇಷ್ಟು ಹತ್ತಿರ ಬಂದು ಆ ದೇಶದ ಗಿಡ ನೋಡದೆ ಹೋಗುವುದೇ? ನನ್ನ ಹೆಂಡತಿ "ಏನ್ರೀ ಯೋಚನೆ, ವಿಯೆನ್ನಾ ಎಲ್ಲೂ ಓಡೋಗಲ್ಲ" ಅಂದಳು. ಮಾರನೆಯ ದಿನದ ಜಿಮ್ಮಾ ವಿಮಾನಕ್ಕೆ ಕೈಯಿಂದ ದುಡ್ಡು ಕೊಟ್ಟು ಟಿಕೆಟ್ ತೆಗೆದೆವು. ಜಿಮ್ಮಾ ಇರುವ ಒರೊಮಿಯಾ ಪ್ರಾಂತ್ಯದ ಕೆಲವು ರಸ್ತೆಗಳು ಸುರಕ್ಷಿತವಲ್ಲವಾದ್ದರಿಂದ ಕಾರಿನ ಯೋಚನೆ ಬಿಟ್ಟೆವು.

ಜಿಮ್ಮಾದಲ್ಲಿ ಕಾರಿನವನು "ಒಂದು ಗಂಟೆಗೆ ಬರ್ತೀನಿ" ಅಂದರೆ ಬೆಳಿಗ್ಗೆ ಏಳಕ್ಕೆ ಬಂದಾನು ಎಂದರ್ಥ. ಅಲ್ಲಿ ಗಂಟೆಯ ಎಣಿಕೆ ಶುರುವಾಗುವುದು ಸೂರ್ಯೋದಯದಿಂದ. ವಿಮಾನದ ಟಿಕೆಟ್ ಮಾತ್ರ ನಮ್ಮ ಗಡಿಯಾರದಂತೆಯೇ. ತೋಟ ಎಂದು ಬೇಲಿ ಹಾಕಿದ್ದನ್ನು ಹುಡುಕಿದರೆ ಕಷ್ಟ. ಮನೆಯ ಹಿತ್ತಲು ಮುಗಿದು ಕಾಡು ಎಲ್ಲಿ ಶುರುವಾಯಿತೆಂದು ತಿಳಿಯದ ಹಾಗೆ ಮರಗಳ ನೆರಳಲ್ಲಿ ಕಾಫಿ ಗಿಡ. ಕಾಫಿ ಹಣ್ಣನ್ನು ಕಂಬಗಳ ಮೇಲೆ ಕಟ್ಟಿದ ಅಟ್ಟದಲ್ಲಿ ಒಣಗಿಸುತ್ತಾರೆ, ಕೆಳಗೂ ಗಾಳಿ ಆಡುತ್ತದೆ. ಮೋಡದ ದಿನಗಳಲ್ಲಿ ಕಣದ ನೆಲದ ಮೇಲೆ ಬೂಸ್ಟು ಹಿಡಿಸಿಕೊಳ್ಳುವ ನಮಗೆ ಅದು ದೊಡ್ಡ ಪಾಠ. ಒಬ್ಬರ ಮನೆಯಲ್ಲಿ ಹಸಿ ಬೀಜವನ್ನು ನಮ್ಮೆದುರೇ ಹುರಿದು, ಕುಟ್ಟಿ, ಜೆಬೆನಾ ಎಂಬ ಮಣ್ಣಿನ ಹೂಜಿಯಲ್ಲಿ ಕುದಿಸಿ ಮೂರು ಸುತ್ತು ಕೊಟ್ಟರು. ಮೂರನೆಯದು ಕುಡಿಯುವವರೆಗೆ ಏಳುವ ಹಾಗಿಲ್ಲ.

ವಿಯೆನ್ನಾದ ಬಗ್ಗೆ ಬರೆಯುವವರು ಬಹಳ ಜನ ಇದ್ದಾರೆ. ಅಲ್ಲಿಂದ ಮ್ಯೂನಿಕ್‌ಗೆ ನೇರ ಹೋಗದೆ ರೈಲಿನಲ್ಲಿ ತ್ರಿಯೆಸ್ತೆಗೆ ಇಳಿದೆವು. ಭಾರತದ ಕಾಫಿಯನ್ನು ಅತಿ ಹೆಚ್ಚು ಕೊಳ್ಳುವ ದೇಶ ಇಟಲಿ, ತ್ರಿಯೆಸ್ತೆ ಅಲ್ಲಿನ ಕಾಫಿ ಬಂದರು. ಹ್ಯಾಬ್ಸ್‌ಬರ್ಗ್ ದೊರೆ ಆರನೇ ಚಾರ್ಲ್ಸ್ 1719ರಲ್ಲಿ ಅದನ್ನು ಮುಕ್ತ ಬಂದರು ಮಾಡಿದ. ನಮ್ಮೂರಲ್ಲಿ ಕಂಪನಿಗೋ ವ್ಯಾಪಾರಿಗೋ ಮೂಟೆ ತೂಕ ಹಾಕಿಕೊಟ್ಟ ಮೇಲೆ ನಮಗೆ ಅದರ ಸಂಬಂಧವೇ ಕಡಿದುಹೋಗುತ್ತದೆ. ತ್ರಿಯೆಸ್ತೆಯಲ್ಲಿ ಕಾಫಿ ಹುರಿಯುವವರೊಬ್ಬರು, ಎಸ್ಪ್ರೆಸೊ ಮೇಲಿನ ದಪ್ಪ ಕೆನೆಗೆ ಭಾರತದ ರೊಬಸ್ಟಾ ಬೇಕೇ ಬೇಕೆಂದು ಕಪ್ಪನ್ನು ಓರೆಮಾಡಿ ತೋರಿಸಿದರು. ನಮ್ಮ ರೊಬಸ್ಟಾದ ಚೆರಿ ಎಬಿ ಎಂಬ ದರ್ಜೆಯ ಹೆಸರು ಅವರ ಬಾಯಲ್ಲಿ ಕೇಳಿ ನನಗಾದ ಸಂತೋಷ ಹೇಳತೀರದು.

ಬರುವಾಗ ಮ್ಯೂನಿಕ್‌ನಿಂದ ಮಲಗಿಕೊಂಡೇ ಬಂದೆವು. ದೇವನಹಳ್ಳಿಯಿಂದ ಮತ್ತೆ ಆರು ಗಂಟೆ ಕಾರಿನಲ್ಲಿ ಕೂರಬೇಕಾದ ನಮ್ಮಂಥವರಿಗೆ ಬಿಸಿನೆಸ್ ಕ್ಲಾಸಿನ ಸುಖ ಇಲ್ಲೇ ಹೆಚ್ಚು ಉಪಯೋಗಕ್ಕೆ ಬರುವುದು.

ಈಗ ಕಣ್ಣು ವಿಯೆಟ್ನಾಮಿನ ರೊಬಸ್ಟಾ ಸೀಮೆ ಬುವಾನ್ ಮಾ ತುವೋಟ್ ಮೇಲಿದೆ. ಸಿಂಗಪುರದ ಮೂಲಕ ಹೋಗಲು ಸಿಂಗಪುರ ಏರ್‌ಲೈನ್ಸ್‌ನ ಕ್ರಿಸ್‌ಫ್ಲೈಯರ್ ಮೈಲ್ಸ್ ಬಳಸುವ ಯೋಚನೆ. ಅವು ಮೂರು ವರ್ಷಕ್ಕೆ ಮುಗಿದುಹೋಗುವುದರಿಂದ ಪಾಯಿಂಟ್‌ಗಳನ್ನು ಸದ್ಯಕ್ಕೆ ಬ್ಯಾಂಕಿನಲ್ಲೇ ಬಿಟ್ಟಿದ್ದೇನೆ. ಈ ಸಲದ ಕುಯ್ಲು ಮುಗಿದ ಮೇಲೆ ಸೀಟು ಹುಡುಕಲು ಕೂರುತ್ತೇನೆ.