ಚೌಕಗಳಲ್ಲಿ ಕಟ್ಟಿದ ಮುಖ: ‘ಸೆನೆಸಿಯೊ’ ಬರೆದು ಬಣ್ಣ ಕಲಿತ ಅನುಭವ

ನಡುವಯಸ್ಸಿನಲ್ಲಿ, ಗುರುವಿಲ್ಲದೆ ಬಣ್ಣದ ಕೆಲಸ ಕಲಿಯಲು ಹೊರಟವರಿಗೆ ಒಂದು ಒಳ್ಳೆಯ ಚಿತ್ರವನ್ನು ಮೊದಲಿನಿಂದ ಕೊನೆಯವರೆಗೆ ಮತ್ತೆ ಬರೆದು ನೋಡುವುದಕ್ಕಿಂತ ದೊಡ್ಡ ಪಾಠವಿಲ್ಲ ಎಂಬುದು ನನ್ನ ನಂಬಿಕೆ. ಕೊಪ್ಪಳದ ನಮ್ಮ ಮನೆಯಲ್ಲಿ ಕುಳಿತು ನಾನು ಆರಿಸಿಕೊಂಡದ್ದು ಯುರೋಪಿನ ಆಧುನಿಕ ಚಿತ್ರಕಾರ ಪಾಲ್ ಕ್ಲೀ 1922ರಲ್ಲಿ ರಚಿಸಿದ ‘ಸೆನೆಸಿಯೊ’ ಎಂಬ ಭಾವಚಿತ್ರವನ್ನು. ಈಗ ಸ್ವಿಟ್ಜರ್‌ಲೆಂಡಿನ ಬಾಸೆಲ್ ನಗರದ ಕಲಾ ಸಂಗ್ರಹಾಲಯದಲ್ಲಿರುವ ಈ ಚಿತ್ರದ ಎತ್ತರ ಸುಮಾರು 40 ಸೆಂಟಿಮೀಟರ್ ಮಾತ್ರ. ಆದ್ದರಿಂದ ಅದನ್ನು ಮೂಲದ ಅಳತೆಯಲ್ಲಿಯೇ ಬರೆಯಲು ಸಾಧ್ಯವಾಯಿತು.

ಈ ಮುಖದಲ್ಲಿ ನೆರಳು-ಬೆಳಕಿನ ತಿದ್ದುವಿಕೆ ಇಲ್ಲ. ಒಂದು ದೊಡ್ಡ ವೃತ್ತ, ಅದನ್ನು ಸೀಳುವ ಗೆರೆಗಳು, ಗೆರೆಗಳ ನಡುವೆ ಕಿತ್ತಳೆ, ಹಳದಿ, ಗುಲಾಬಿ ಮತ್ತು ಬಿಳಿಯ ಸಪಾಟಾದ ತುಂಡುಗಳು, ಕೆಂಪು ಕಣ್ಣುಗಳು. ಒಂದು ಹುಬ್ಬು ತ್ರಿಕೋನ, ಇನ್ನೊಂದು ಬಾಗಿದ ಗೆರೆ. ಬಣ್ಣದ ಪಕ್ಕದಲ್ಲಿ ಬಣ್ಣವನ್ನು ಸರಿಯಾಗಿ ಇಟ್ಟರೆ ಮಾತ್ರ ಮುಖ ಮೂಡುತ್ತದೆ. ಕಲಿಯುವವರಿಗೆ ಬೇಕಾದದ್ದು ಇದೇ ಕಟ್ಟುನಿಟ್ಟು.

ಕ್ಲೀ ಬಳಸಿದ್ದು ಜಾಳು ಬಟ್ಟೆಯ ಮೇಲೆ ತೈಲವರ್ಣ. ನಾನು ರಟ್ಟಿಗೆ ಹಳೆಯ ತೆಳು ಹತ್ತಿಬಟ್ಟೆಯನ್ನು ಅಂಟಿಸಿ, ನೀರಿನಲ್ಲಿ ಕಲಸಿ ಹಚ್ಚುವ, ಬೇಗ ಒಣಗುವ ಅಕ್ರಿಲಿಕ್ ಬಣ್ಣ ಬಳಸಿದೆ. ನಮ್ಮ ಜಿಲ್ಲೆಯ ಕಿನ್ನಾಳದ ಚಿತ್ರಗಾರರು ಮರದ ಗೊಂಬೆಗಳಿಗೆ ಬಣ್ಣ ಹಚ್ಚುವ ಮೊದಲು ಬಿಳಿಯ ಲೇಪ ಕೊಡುವುದನ್ನು ನೋಡಿದ್ದೆನಾದ್ದರಿಂದ ಬಟ್ಟೆಗೂ ಮೊದಲು ಬಿಳಿ ಬಳಿದೆ. ಆ ಗೊಂಬೆಗಳ ಕೆಂಪು, ಹಳದಿಗಳು ಅಷ್ಟು ಹೊಳೆಯಲು ಬಣ್ಣದ ಗುಣದಷ್ಟೇ ಕೆಳಗಿನ ಬಿಳಿಯೂ ಕಾರಣ.

ಗೆರೆ ಎಳೆಯುವ ಕೆಲಸ ಬೇಗ ಮುಗಿಯಿತು. ಸ್ಕೇಲನ್ನು ನಡುಗೆರೆಗಷ್ಟೇ ಬಳಸಿ, ಉಳಿದುದನ್ನೆಲ್ಲ ಬರಿಗೈಯಿಂದ ಎಳೆದೆ. ಅಂಚು ನೇರವಾಗಿ ಬರಲಿ ಎಂದು ಟೇಪ್ ಅಂಟಿಸುವವರಿದ್ದಾರೆ. ಈ ಚಿತ್ರಕ್ಕೆ ಅದು ಬೇಡವೆಂದೇ ನನ್ನ ಅಭಿಪ್ರಾಯ, ಏಕೆಂದರೆ ಕೈಯ ಸಣ್ಣ ಕಂಪನ ಹೋದರೆ ಮುಖದ ಜೀವವೂ ಹೋಗುತ್ತದೆ.

ನಿಜವಾದ ಶ್ರಮವಿದ್ದದ್ದು ಕಿತ್ತಳೆಯಲ್ಲಿ. ಡಬ್ಬಿಯ ಕಿತ್ತಳೆಯನ್ನು ಬಿಟ್ಟು, ಹಳದಿಗೆ ಕೆಂಪನ್ನು ಕಡ್ಡಿಯ ತುದಿಯಷ್ಟು ಬೆರೆಸುತ್ತ ಹೋದೆ. ಅದಕ್ಕೆ ಬಿಳಿ ಸೇರಿಸಿದರೆ ಬಣ್ಣ ತಿಳಿಯಾಗುತ್ತದೆ, ಆದರೆ ತಣ್ಣಗೂ ಆಗುತ್ತದೆ. ಹಳದಿ ಸೇರಿಸಿದರೆ ತಿಳಿಯಾಗುತ್ತಲೇ ಕಾವು ಉಳಿಸಿಕೊಳ್ಳುತ್ತದೆ. ನೀಲಿಯ ಒಂದು ಸಣ್ಣ ಚುಕ್ಕೆ ಬಿದ್ದರೆ ಅದರ ಅಬ್ಬರ ಇಳಿದು ಮಣ್ಣಿನ ಕಡೆಗೆ ವಾಲುತ್ತದೆ. ಈ ಮೂರು ದಾರಿಗಳನ್ನು ಬೇರೆ ಬೇರೆ ಕಾಗದದ ಪಟ್ಟಿಗಳ ಮೇಲೆ ಹಚ್ಚಿ, ಒಣಗಿದ ನಂತರವೇ ಚಿತ್ರದೊಡನೆ ಹೋಲಿಸಿದೆ. ಅಕ್ರಿಲಿಕ್ ಒಣಗಿದಾಗ ಹಸಿಯಾಗಿದ್ದಾಗಿನದಕ್ಕಿಂತ ತುಸು ಗಾಢವಾಗುವುದರಿಂದ ಹಸಿ ಬಣ್ಣವನ್ನು ನಂಬುವಂತಿಲ್ಲ. ಪಟ್ಟಿಗಳ ಮತ್ತು ಮೂಲಚಿತ್ರದ ಫೋಟೊಗಳನ್ನು ಮೊಬೈಲಿನಲ್ಲಿ ಕಪ್ಪು-ಬಿಳುಪಿಗೆ ತಿರುಗಿಸಿದಾಗ, ಬೇರೆಯೆಂದು ಕಂಡ ಗುಲಾಬಿ ಮತ್ತು ಕಿತ್ತಳೆಗಳು ಒಂದೇ ಬೂದು ಬಣ್ಣವಾಗಬಲ್ಲವು ಎಂಬುದು ತಿಳಿಯಿತು. ಅಂಥ ಎರಡು ತುಂಡುಗಳು ಅಕ್ಕಪಕ್ಕ ಬಂದಾಗ ಗಡಿ ಮೃದುವಾಗಿ ಕೆನ್ನೆ ತುಂಬಿಕೊಂಡಂತೆ ಕಾಣುತ್ತದೆ. ಬಿಳಿಯ ಪಕ್ಕದಲ್ಲಿ ಕೆಂಪು ಬಂದಾಗ ಮಾತ್ರ ಕಣ್ಣು ಅಲ್ಲಿ ನಿಲ್ಲುತ್ತದೆ.

ನಮ್ಮ ಕಡೆಯ ಏಪ್ರಿಲ್ ಬಿಸಿಲಿಗೆ ಬೆರೆಸಿದ ಬಣ್ಣ ತಟ್ಟೆಯಲ್ಲಿಯೇ ಕೆಲವು ನಿಮಿಷಗಳಲ್ಲಿ ಕೆನೆಗಟ್ಟುತ್ತದೆ. ತಟ್ಟೆಯಲ್ಲಿ ಒದ್ದೆ ಬಟ್ಟೆ ಹಾಸಿ, ಅದರ ಮೇಲೆ ಬೆಣ್ಣೆ ಕಾಗದವಿಟ್ಟು ಬೆರೆಸಿಕೊಂಡರೆ, ಮಿಕ್ಕದ್ದನ್ನು ಮುಚ್ಚಳದ ಚಿಕ್ಕ ಡಬ್ಬಿಗಳಲ್ಲಿ ಇಟ್ಟರೆ, ಮರುದಿನ ಬೆಳಿಗ್ಗೆ ಅದೇ ಛಾಯೆ ಕೈಗೆ ಸಿಗುತ್ತದೆ.

ಕಣ್ಣುಗಳ ಕೆಂಪನ್ನು ಕೊನೆಗೆ ಉಳಿಸಿಕೊಂಡಿದ್ದೆ. ಈಗ ಅದೇ ಕ್ರಮದಲ್ಲಿ ನಮ್ಮ ತಾಯಿಯ ಮುಖವನ್ನು ಚೌಕಗಳಾಗಿ ಒಡೆಯುತ್ತಿದ್ದೇನೆ. ಅವರ ಮೈಬಣ್ಣಕ್ಕೆ ಕಂದು ಮತ್ತು ಮಾಸಿದ ನೇರಳೆಯ ಪಟ್ಟಿಗಳನ್ನು ಹೊಸದಾಗಿ ತಯಾರಿಸಬೇಕಾಗಿದೆ. ಕುಂಕುಮದ ಕೆಂಪು ಒಂದು ಮಾತ್ರ ‘ಸೆನೆಸಿಯೊ’ದ ಡಬ್ಬಿಯಿಂದಲೇ ಬರಲಿದೆ.