ಯಾವ ಹಿಟ್ಟಿನ ಟೋರ್ಟಿಯಾ ಅಂತ ಕೇಳಿ

ಟೆಕ್ಸಸ್‌ನ ದಕ್ಷಿಣ ತುದಿಯಲ್ಲಿ, ರಿಯೊ ಗ್ರಾಂಡೆ ನದಿಯ ಈಚೆ ದಡದ ಊರುಗಳಲ್ಲಿ ನನ್ನ ಕೆಲಸ. ಮೆಕ್ಸಿಕನ್ ಮೂಲದ ಹೆಣ್ಣುಮಕ್ಕಳ ಅಡುಗೆಮನೆಯಲ್ಲಿ ಕೂತು, ನಿನ್ನೆ ಏನೇನು ತಿಂದಿರಿ ಅಂತ ಕೇಳಿ ಬರೆದುಕೊಳ್ಳುವುದು. ಧಾರವಾಡದಲ್ಲಿ ಗೃಹವಿಜ್ಞಾನ ಓದಿದವಳಿಗೆ ಇದೇನು ಮಹಾ ಅನ್ನಬಹುದು. ಪಬ್ಲಿಕ್ ಹೆಲ್ತ್ ಓದಲು ಬಂದ ನಮ್ಮ ಕಡೆಯ ಹುಡುಗ ಹುಡುಗಿಯರು ಈ ಕೆಲಸಕ್ಕೆ ಸೇರಿದಾಗ ನನಗೆ ಫೋನ್ ಮಾಡುತ್ತಾರೆ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆದಿದ್ದೇನೆ.

ಯಾಕೆ ಕೇಳುತ್ತಿದ್ದೇವೆ ಅನ್ನುವುದು ಮೊದಲು ತಲೆಯಲ್ಲಿರಲಿ. 1991ರ ಏಪ್ರಿಲ್‌ನಲ್ಲಿ ಬ್ರೌನ್ಸ್‌ವಿಲ್ ಊರಿನ ಒಂದೇ ಆಸ್ಪತ್ರೆಯಲ್ಲಿ 36 ಗಂಟೆಯೊಳಗೆ ಮೂರು ಕೂಸುಗಳು ಮಿದುಳು ಪೂರ್ತಿ ಬೆಳೆಯದೆ ಹುಟ್ಟಿದವು. ಇದು ನರಕೊಳವೆಯ (ಮುಂದೆ ಮಿದುಳು, ಬೆನ್ನುಹುರಿ ಆಗುವ ಕೊಳವೆ) ದೋಷ. ಬೆನ್ನಿನ ಕಡೆ ಕೊಳವೆ ಮುಚ್ಚದಿದ್ದರೆ ಅದು ಸ್ಪೈನಾ ಬೈಫಿಡಾ. ಗರ್ಭ ಕಟ್ಟಿದ ಸುಮಾರು 28 ದಿನಕ್ಕೆ ಈ ಕೊಳವೆ ಮುಚ್ಚಿಬಿಡಬೇಕು. ಅಷ್ಟು ಹೊತ್ತಿಗೆ ಎಷ್ಟೋ ಹೆಂಗಸರಿಗೆ ತಾವು ಬಸುರಿ ಅಂತಲೇ ಗೊತ್ತಿರುವುದಿಲ್ಲ. ಮೈಯಲ್ಲಿ ಮೊದಲೇ ಫೋಲಿಕ್ ಆಮ್ಲ ಸಾಕಷ್ಟಿದ್ದರೆ ಅಪಾಯ ಬಹಳ ತಗ್ಗುತ್ತದೆ. ಅದಕ್ಕೇ ಅಮೆರಿಕದಲ್ಲಿ 1998ರಿಂದ ‘ಎನ್ರಿಚ್ಡ್’ (ಪೋಷಕಾಂಶ ಸೇರಿಸಿದ್ದು) ಎಂದು ಮಾರುವ ಗೋಧಿ ಹಿಟ್ಟಿಗೆ, 100 ಗ್ರಾಂಗೆ 140 ಮೈಕ್ರೋಗ್ರಾಂ ಲೆಕ್ಕದಲ್ಲಿ, ಫೋಲಿಕ್ ಆಮ್ಲ ಬೆರೆಸುವುದು ಕಡ್ಡಾಯ. ಮೆಕ್ಕೆಜೋಳವನ್ನು ಸುಣ್ಣದ ನೀರಲ್ಲಿ (ಎಲೆಯಡಿಕೆಗೆ ಹಚ್ಚುತ್ತೇವಲ್ಲ, ಅದೇ ಸುಣ್ಣ) ಬೇಯಿಸಿ ಬೀಸಿದ ಮಾಸಾ, ಅಂದರೆ ಮೆಕ್ಸಿಕನ್ನರ ದಿನದ ರೊಟ್ಟಿಯಾದ ಟೋರ್ಟಿಯಾದ ಹಿಟ್ಟು, ಮಾತ್ರ ಆ ಪಟ್ಟಿಯಲ್ಲಿ ಇರಲಿಲ್ಲ. ಈ ದೋಷ ಯಾರಲ್ಲಿ ಹೆಚ್ಚು ಕಾಣುತ್ತದೋ ಅವರ ತಟ್ಟೆಯನ್ನೇ ಬಿಟ್ಟು ನಿಯಮ ಬಂತು. 2016ರಲ್ಲಿ ಮಾಸಾ ಹಿಟ್ಟಿಗೂ ಪೌಂಡಿಗೆ 0.7 ಮಿಲಿಗ್ರಾಂವರೆಗೆ ಬೆರೆಸಲು ಅನುಮತಿ ಸಿಕ್ಕಿತು. ಅನುಮತಿಯಷ್ಟೇ, ಬೆರೆಸುವುದು ಬಿಡುವುದು ಕಂಪನಿಯ ಇಷ್ಟ. ಕಡ್ಡಾಯ ಮಾಡಿದ ಮೊದಲ ರಾಜ್ಯ ಕ್ಯಾಲಿಫೋರ್ನಿಯಾ, ಅದೂ 2026ರ ಜನವರಿಯಿಂದ.

ವಂಶದಿಂದ ಬರುವ ಸಂಗತಿಯೂ ಒಂದಿದೆ. ಎಂಟಿಎಚ್‌ಎಫ್‌ಆರ್ ಜೀನಿನ ಸಿ677ಟಿ ಎಂಬ ರೂಪ ತಾಯಿ ತಂದೆ ಇಬ್ಬರಿಂದಲೂ ಬಂದಿದ್ದರೆ ಫೋಲೇಟನ್ನು (ಫೋಲಿಕ್ ಆಮ್ಲ ಇದರದೇ ಒಂದು ರೂಪ) ಬಳಕೆಗೆ ತರುವ ಕಿಣ್ವ ಮಂದವಾಗುತ್ತದೆ. ಮೆಕ್ಸಿಕನ್ ಮೂಲದವರಲ್ಲಿ ಇದು ಸಾಮಾನ್ಯ. ಆದರೂ ಅಂಥವರ ರಕ್ತದಲ್ಲಿ ಫೋಲೇಟ್ ಸರಾಸರಿ 16 ಶೇಕಡಾದಷ್ಟು ಕಡಿಮೆ, ಅಷ್ಟೇ. ಎಷ್ಟು ಫೋಲಿಕ್ ಆಮ್ಲ ಹೊಟ್ಟೆಗೆ ಹೋಯಿತು ಎಂಬುದರ ತೂಕ ಅದಕ್ಕಿಂತ ಹೆಚ್ಚು ಎನ್ನುತ್ತದೆ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ. ಹಾಗಾಗಿ ಪ್ರಯೋಗಾಲಯದವರು ಜೀನು ಎಷ್ಟೇ ಚೆನ್ನಾಗಿ ಓದಲಿ, ನಾವು ಹಿಟ್ಟು ಸರಿಯಾಗಿ ಬರೆದುಕೊಳ್ಳದಿದ್ದರೆ ಅವರ ಲೆಕ್ಕವೂ ಕೆಟ್ಟಿತು.

ಸಂದರ್ಶನದ ವಿಷಯಕ್ಕೆ ಬರೋಣ. ‘ದಿನಾ ಏನು ತಿಂತೀರಿ’ ಅಂತ ಕೇಳಬೇಡಿ, ತಿನ್ನಬೇಕು ಅಂದುಕೊಂಡದ್ದನ್ನೆಲ್ಲ ಹೇಳಿಬಿಡುತ್ತಾರೆ. ನಿನ್ನೆ ಒಂದು ದಿನದ್ದು ಮಾತ್ರ ಸಾಕು. ಮೊದಲ ಸುತ್ತಿನಲ್ಲಿ ಬಾಯಿ ಮುಚ್ಚಿಕೊಂಡು ಕೇಳಿ, ಅಳತೆ ಗಿಳತೆ ಅಂತ ನಡುವೆ ಬಾಯಿ ಹಾಕಬೇಡಿ. ಆಮೇಲೆ ಮರೆತದ್ದರ ಸುತ್ತು: ಕುಡಿದದ್ದು, ಒಲೆ ಮುಂದೆ ನಿಂತು ರುಚಿ ನೋಡಿದ್ದು, ಮಗು ಬಿಟ್ಟದ್ದನ್ನು ತಿಂದದ್ದು. ಬೆಳಗಿನ ಅತೋಲೆ ಎಷ್ಟೋ ಸಲ ಇಲ್ಲಿ ಹೊರಬರುತ್ತದೆ. ಅದು ಗಂಜಿ, ಮಾಸಾದಿಂದಲೇ ಮಾಡಿರುತ್ತಾರೆ. ವಯಸ್ಸಾದವರಿದ್ದರೆ ಸ್ಪ್ಯಾನಿಷ್‌ನಲ್ಲಿ ‘ತೂ’ (ನೀನು) ಅನ್ನಬಾರದು, ‘ಉಸ್ತೆದ್’ (ನೀವು) ಅನ್ನಬೇಕು. ಅತ್ತೆ ಪಕ್ಕದಲ್ಲೇ ಕೂತು ಸೊಸೆಯ ಪರವಾಗಿ ಉತ್ತರ ಕೊಡತೊಡಗಿದರೆ ಅತ್ತೆಗೂ ಒಂದು ಪ್ರಶ್ನೆ ಹಾಕಿ, ಬೀನ್ಸ್ ಹೇಗೆ ಬೇಯಿಸುತ್ತೀರಿ ಅಂತ. ಅವರು ಅದನ್ನು ಹೇಳಿ ಮುಗಿಸುವಷ್ಟರಲ್ಲಿ ಸೊಸೆಯೂ ಬಾಯಿ ಬಿಡುತ್ತಾಳೆ, ನಿಮಗೂ ಬೇಕಾದದ್ದು ಸಿಗುತ್ತದೆ. ಫೋಲೇಟ್ ಬೇಯಿಸಿದ ನೀರಿಗೆ ಇಳಿಯುವುದರಿಂದ ಆ ಕಟ್ಟನ್ನು ಕುಡಿದರೋ ಚೆಲ್ಲಿದರೋ ತಿಳಿಯಬೇಕು. ಒಂದು ಕಪ್ ಬೆಂದ ಪಿಂಟೊ ಬೀನ್ಸ್‌ನಲ್ಲಿ 290 ಮೈಕ್ರೋಗ್ರಾಂ ಆಸುಪಾಸು ಫೋಲೇಟ್ ಇದೆ, ಬಿಡುವ ಬಾಬತ್ತಲ್ಲ.

ಇನ್ನು ಟೋರ್ಟಿಯಾ. ಬರೀ ‘ಟೋರ್ಟಿಯಾ, ನಾಲ್ಕು’ ಅಂತ ಬರೆದ ಹಾಳೆ ನನ್ನ ಕೈಗೆ ಬಂದರೆ ವಾಪಸು ಕಳಿಸುತ್ತೇನೆ. ಗೋಧಿಯದೋ ಮೆಕ್ಕೆಜೋಳದ್ದೋ? ಗೋಧಿಯದಾದರೆ ಪೊಟ್ಟಣದ ಮೇಲೆ ‘ಎನ್ರಿಚ್ಡ್’ ಇದೆಯೋ? ಜೋಳದ್ದಾದರೆ ಅಂಗಡಿಯ ಸಿದ್ಧ ಟೋರ್ಟಿಯಾನೋ, ಒಣ ಹಿಟ್ಟು ಕಲೆಸಿ ಮನೆಯಲ್ಲಿ ತಟ್ಟಿದ್ದೋ, ಮೊಲಿನೊದಿಂದ, ಅಂದರೆ ಬೀಸುವ ಗಿರಣಿಯಿಂದ, ತಂದ ಹಸಿ ಮಾಸಾನೋ? ನೋಡಲು ಮೂರೂ ಒಂದೇ, ಫೋಲಿಕ್ ಆಮ್ಲದ ಲೆಕ್ಕ ಬೇರೆ ಬೇರೆ. ಒಣ ಹಿಟ್ಟಿನ ಚೀಲವನ್ನೇ ತರಿಸಿ, ಒಳಗಿರುವ ವಸ್ತುಗಳ ಪಟ್ಟಿಯಲ್ಲಿ ಫೋಲಿಕ್ ಆಮ್ಲದ ಹೆಸರಿದೆಯೇ ಓದಿ, ಫೋಟೊ ತೆಗೆದುಕೊಳ್ಳಿ. ಬ್ರ್ಯಾಂಡ್ ಹೆಸರೊಂದನ್ನೇ ನಂಬಿ ಕೂರಬೇಡಿ. ತಮಾಷೆ ನೋಡಿ, ಎನ್ರಿಚ್ಡ್ ಮೈದಾದ ಪಾನ್ ದುಲ್ಸೆ, ಅಂದರೆ ಸಿಹಿ ಬನ್ನು, ತಿಂದವಳಿಗೆ ಫೋಲಿಕ್ ಆಮ್ಲ ಸಿಕ್ಕಿರುತ್ತದೆ. ಅಜ್ಜಿಯಂತೆ ಹಸಿ ಮಾಸಾ ತಟ್ಟಿ ತಿಂದವಳಿಗೆ ಸಿಕ್ಕಿರುವುದಿಲ್ಲ. ಸ್ಪ್ಯಾನಿಷ್ ಮಾತ್ರ ಆಡುವ, ಈಚೆಗೆ ಬಂದ ಹೆಂಗಸರು ಇಲ್ಲೇ ಹುಟ್ಟಿದವರಿಗಿಂತ ಈ ವಿಷಯದಲ್ಲಿ ಹಿಂದೆ ಉಳಿಯುವುದಕ್ಕೆ ಇದೂ ಒಂದು ಕಾರಣ.

ಹಿಸ್ಪಾನಿಕ್ (ಸ್ಪ್ಯಾನಿಷ್ ಆಡುವ ನಾಡುಗಳ ಮೂಲದವರು) ಅಂತ ಒಂದೇ ಚೌಕಕ್ಕೆ ಗುರುತು ಹಾಕಿ ಮುಂದೆ ಹೋಗಬೇಡಿ. ಬ್ರಾಂಕ್ಸ್, ಶಿಕಾಗೊ, ಮಯಾಮಿ, ಸ್ಯಾನ್ ಡಿಯಾಗೊಗಳಲ್ಲಿ 2008ರಿಂದ 16,415 ಜನರನ್ನು ಸೇರಿಸಿಕೊಂಡ ದೊಡ್ಡ ಅಧ್ಯಯನದಲ್ಲಿ ಸಕ್ಕರೆ ಕಾಯಿಲೆ ದಕ್ಷಿಣ ಅಮೆರಿಕ ಮೂಲದವರಲ್ಲಿ 10.2 ಶೇಕಡಾ, ಮೆಕ್ಸಿಕನ್ನರಲ್ಲಿ 18.3 ಶೇಕಡಾ ಕಂಡಿತು. ಊಟವೂ ಅಷ್ಟೇ ಬೇರೆ. ಪೋರ್ಟೊ ರಿಕೊದವರ ಮನೆಯಲ್ಲಿ ಅನ್ನ ಮುಖ್ಯ, ಅಲ್ಲಿ ಅಕ್ಕಿ ತೊಳೆದರೋ ಅಂತ ಕೇಳಿ. ಎನ್ರಿಚ್ಡ್ ಅಕ್ಕಿಯ ಮೇಲಿನ ಜೀವಸತ್ವ ತೊಳೆದ ನೀರಿನ ಜೊತೆ ಹೋಗುತ್ತದೆ. (ನಮ್ಮವರು ಇಲ್ಲಿ ಬಂದೂ ಅಕ್ಕಿಯನ್ನು ಮೂರು ನೀರಲ್ಲಿ ತೊಳೆಯುತ್ತಾರೆ. ಅದಿರಲಿ.)

ಮಗುವನ್ನು ಕಳೆದುಕೊಂಡ ತಾಯಿ ಎದುರಿಗಿದ್ದರೆ ‘ನಾನು ತಿಂದದ್ದರಿಂದ ಹೀಗಾಯಿತಾ’ ಅಂತ ಕೇಳಿಯೇ ಕೇಳುತ್ತಾಳೆ. ಒಂದು ದಿನದ ಊಟ ನೋಡಿ ಹಾಗೆ ಹೇಳಲು ಬರುವುದಿಲ್ಲ, ಕಾರಣ ಒಂದೇ ಇರುವುದಿಲ್ಲ ಎಂಬ ನಿಜವನ್ನೇ ಹೇಳಿ. ಮುಂದಿನ ಬಸುರಿಗೆ ಮುಂಚೆ ವೈದ್ಯರನ್ನು ಕಾಣಲು ತಪ್ಪದೆ ತಿಳಿಸಿ. ಇಂಥವರಿಗೆ ಮಾಮೂಲಿ 400 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಸಾಲದು, ವೈದ್ಯರ ನಿಗಾದಲ್ಲಿ ದಿನಕ್ಕೆ 4 ಮಿಲಿಗ್ರಾಂ ಕೊಡುತ್ತಾರೆ. ಜೀನ್ ಪರೀಕ್ಷೆಯ ಕಾಗದ ಹಿಡಿದು ದುಬಾರಿ ‘ಮಿಥೈಲ್’ ಫೋಲೇಟ್ ಗುಳಿಗೆ ಬೇಕೇ ಅನ್ನುವವರೂ ಸಿಗುತ್ತಾರೆ. ಸಿ677ಟಿ ಇದ್ದವರ ದೇಹವೂ ಸಾದಾ ಫೋಲಿಕ್ ಆಮ್ಲವನ್ನು ಬಳಸಿಕೊಳ್ಳುತ್ತದೆ, ನರಕೊಳವೆ ದೋಷ ತಡೆಯುತ್ತದೆಂದು ಸಾಬೀತಾಗಿರುವುದೂ ಅದೇ.

ಎರಡನೆಯ ಸಂದರ್ಶನ ಸಾಮಾನ್ಯವಾಗಿ ಫೋನಿನಲ್ಲಿ. ಮೊದಲನೆಯದು ವಾರದ ದಿನದ್ದಾಗಿದ್ದರೆ ಇದು ಭಾನುವಾರದ ಊಟದ್ದಾಗಲಿ, ಅಂದರೆ ಕರೆ ಸೋಮವಾರ ಮಾಡಿ. ಹಿಟ್ಟಿನ ಚೀಲವನ್ನು ಎಸೆಯದೆ ಇಟ್ಟಿರಿ ಅಂತ ಹೊರಡುವಾಗಲೇ ಹೇಳಿ ಬನ್ನಿ.