ಮರಳಿನೊಳಗೆ ಇಳಿದ ಎಣ್ಣೆ: ಶಾಲೆಯ ಜಗಲಿಯಲ್ಲೇ ಮಾಡಿ ನೋಡುವ ಬಗೆ

ಸಾಗರ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತೇನೆ. ಹಡಗಿನಿಂದ ತೈಲ ಸೋರಿದ ಸುದ್ದಿ ಬಂದಾಗಲೆಲ್ಲ ಮಕ್ಕಳ ಕಣ್ಣ ಮುಂದೆ ಬರುವುದು ನೀರಿನ ಮೇಲೆ ತೇಲುವ ಕಪ್ಪು ಪದರ ಮಾತ್ರ. ದಡ ಮುಟ್ಟಿದ ಎಣ್ಣೆ ಎಷ್ಟು ಕಾಲ ಬಾಳುತ್ತದೆ ಎಂಬುದನ್ನು ತೀರ್ಮಾನಿಸುವುದು ಅಲ್ಲಿನ ಮರಳು ಮತ್ತು ಕೆಸರು. ಕಾಣದ ಎಣ್ಣೆ ಹೋದ ಎಣ್ಣೆಯಲ್ಲ ಎಂಬುದನ್ನು ಮಕ್ಕಳು ಕೈಯಾರೆ ಅಗೆದು ತಿಳಿಯಬೇಕೆಂಬುದು ನನ್ನ ಹಟ. ನಮ್ಮ ಶರಾವತಿ ಹೊನ್ನಾವರದಲ್ಲಿ ಕಡಲು ಸೇರುತ್ತಾಳೆ. ಘಟ್ಟದ ಮೇಲಿನವರಿಗೆ ಇದು ಬೇರೆಯವರ ವಿಷಯವಾಗಬಾರದು.

ಎರಡು ಲೀಟರಿನ ಪಾರದರ್ಶಕ ಪಾನೀಯದ ಬಾಟಲಿಗಳು ಮೂರು ಬೇಕು. ತಳ ಕತ್ತರಿಸಿ, ಬಾಯಿ ಕೆಳಗೆ ಬರುವಂತೆ ಸ್ಟ್ಯಾಂಡಿಗೆ ಕಟ್ಟಿ. ಮುಚ್ಚಳಕ್ಕೆ ತೂತು ಕೊರೆದು ಔಷಧದ ಅಂಗಡಿಯಲ್ಲಿ ಸಿಗುವ ಡ್ರಿಪ್ ಕೊಳವೆಯನ್ನು ತೂರಿಸಿ, ಎಂ-ಸೀಲ್ ಮೆತ್ತಿ. ಮರಳು ಜಾರದಂತೆ ಬಾಯಿಯ ಒಳಗೆ ಹಳೆಯ ಪಂಚೆಯ ತುಂಡನ್ನು ಮಡಚಿ ಇಡಿ. ಕೊಳವೆಯ ಇನ್ನೊಂದು ತುದಿಯನ್ನು ಉಪ್ಪುನೀರು ತುಂಬಿದ ಬೇರೊಂದು ಬಾಟಲಿಯ ತಳಕ್ಕೆ ಜೋಡಿಸಿ. ಲೀಟರಿಗೆ 35 ಗ್ರಾಂ ಉಪ್ಪು ಹಾಕಿದರೆ ಸಮುದ್ರದ ನೀರಿನಷ್ಟು ಉಪ್ಪಾಗುತ್ತದೆ. ಈ ನೀರಿನ ಬಾಟಲಿಯನ್ನು ಎತ್ತಿ ಹಿಡಿದರೆ ಮರಳಿನೊಳಗೆ ನೀರಿನ ಮಟ್ಟ ಏರುತ್ತದೆ, ಇಳಿಸಿದರೆ ಇಳಿಯುತ್ತದೆ. ಭರತ ಇಳಿತ ಎರಡೂ ಈಗ ನಿಮ್ಮ ಕೈಯಲ್ಲಿವೆ.

ಮೊದಲನೆಯ ಬಾಟಲಿಗೆ ಜೋಳದ ಕಾಳಿಗಿಂತ ತುಸು ಸಣ್ಣ ಹರಳಿರುವ ದಪ್ಪ ಮರಳು. ಎರಡನೆಯದಕ್ಕೆ ರವೆ ಜರಡಿಯಲ್ಲಿ ಹಿಡಿದ ನಯವಾದ ಮರಳು. ಎರಡನ್ನೂ ತೊಳೆದ ನೀರು ತಿಳಿಯಾಗುವವರೆಗೆ ತೊಳೆಯಿರಿ. ಎಂ-ಸ್ಯಾಂಡ್ ಬೇಡ, ಅದರಲ್ಲಿ ಕಲ್ಲಿನ ಹುಡಿ ಹೆಚ್ಚು. ಮೂರನೆಯದಕ್ಕೆ ತಳದಲ್ಲಿ ನಾಲ್ಕು ಬೆರಳಿನಷ್ಟು ಎತ್ತರಕ್ಕೆ ದಪ್ಪ ಮರಳು ಹಾಕಿ, ಮೇಲೆ ಗದ್ದೆಯ ಕೆಸರು ತುಂಬಿ.

ಎಣ್ಣೆಗೆ ಗ್ಯಾರೇಜಿನಲ್ಲಿ ಬೈಕಿನಿಂದ ಇಳಿಸಿದ ಹಳೆಯ ಎಂಜಿನ್ ಆಯಿಲ್ ಸಾಕು; ಕಪ್ಪಗಿರುವುದರಿಂದ ಚೆನ್ನಾಗಿ ಕಾಣುತ್ತದೆ. ಅದು ಚರ್ಮಕ್ಕೆ ಒಳ್ಳೆಯದಲ್ಲ. ಕೈಗವಸು ಹಾಕಿಕೊಂಡು, ಗಾಳಿಯಾಡುವ ಜಗಲಿಯಲ್ಲಿ ಶಿಕ್ಷಕರೇ ಸುರಿಯಬೇಕು. ಬಾಟಲಿಗೆ ಎರಡು ಚಮಚ ಸಾಕು.

ನೀರಿನ ಮಟ್ಟವನ್ನು ಕೆಳಗಿಳಿಸಿ ಎಣ್ಣೆ ಹಾಕಿ. ದಪ್ಪ ಮರಳಿನಲ್ಲಿ ಅದು ಸರಸರನೆ ಇಳಿದು, ನೀರು ಸಿಕ್ಕಲ್ಲಿ ನಿಲ್ಲುತ್ತದೆ. ನಯವಾದ ಮರಳಿನಲ್ಲಿ ಮೇಲುಮೇಲೆಯೇ ಸುಳಿದಾಡುತ್ತದೆ. ಈಗ ನೀರಿನ ಬಾಟಲಿಯನ್ನು ನಿಧಾನವಾಗಿ ಎತ್ತಿ. ನೀರಿನೊಂದಿಗೆ ಎಣ್ಣೆಯೂ ಮೇಲೇರುತ್ತದೆ, ಆದರೆ ಪೂರ್ತಿಯಲ್ಲ. ಗೋಡೆಗೆ ಕಣ್ಣಿಟ್ಟು ನೋಡಿದರೆ ಹರಳು ಹರಳಿನ ನಡುವೆ ಕಂದು ಚುಕ್ಕೆಗಳು ಅಂಟಿ ಕುಳಿತಿರುವುದು ಕಾಣುತ್ತದೆ. ಮತ್ತೆ ಇಳಿಸಿ, ಮತ್ತೆ ಏರಿಸಿ. ಒಂದೊಂದು ಸಲಕ್ಕೂ ಆ ಪಟ್ಟಿ ಅಗಲವಾಗುತ್ತದೆಯೇ ಹೊರತು ಅಳಿಸಿಹೋಗುವುದಿಲ್ಲ. ತೀರದಲ್ಲಿ ದಿನಕ್ಕೆರಡು ಸಲ ನಡೆಯುವುದು ಇದೇ. ಪೆನ್ಸಿಲಿನಿಂದ ಬಾಟಲಿಯ ಮೇಲೆ ಗೆರೆ ಹಾಕಿಸಿ, ಅಳೆಸಿ. ಮಕ್ಕಳು ಈ ಭಾಗವನ್ನು ಅವಸರದಲ್ಲಿ ಮುಗಿಸಲು ಬಿಡಬೇಡಿ.

ಕೆಸರಿನ ಬಾಟಲಿಯಲ್ಲಿ ಎಣ್ಣೆ ಮೇಲೆಯೇ ನಿಲ್ಲುತ್ತದೆ. ಸೂಕ್ಷ್ಮ ಕಣಗಳ ನಡುವಿನ ಸಂದುಗಳಲ್ಲಿ ನೀರು ತುಂಬಿದ್ದು, ಎಣ್ಣೆಗೆ ಅದನ್ನು ತಳ್ಳಿ ಒಳನುಗ್ಗುವ ಬಲವಿಲ್ಲ. ಹಾಗಾದರೆ ಕೆಸರು ಸುರಕ್ಷಿತವೇ ಎಂದು ಮಕ್ಕಳನ್ನು ಕೇಳಿ. ನಂತರ ಬಿದಿರಿನ ಕಡ್ಡಿಯಿಂದ ಬಾಟಲಿಯ ಗೋಡೆಗೆ ತಾಗಿ, ತಳದ ಮರಳು ಮುಟ್ಟುವವರೆಗೆ ತೂತು ಮಾಡಿ, ನೀರಿನ ಬಾಟಲಿಯನ್ನು ಇಳಿಸಿ. ಗದ್ದೆಯ ಅಂಚಿನಲ್ಲಿ ಏಡಿ ಬಿಲ ತೋಡಿದರೆ ಬೆಳಗಾಗುವಷ್ಟರಲ್ಲಿ ನೀರೆಲ್ಲ ಇಳಿದುಹೋಗುವಂತೆ, ಎಣ್ಣೆ ಆ ತೂತಿನಲ್ಲಿ ಇಳಿಯುತ್ತದೆ. 1991ರ ಕೊಲ್ಲಿ ಯುದ್ಧದಲ್ಲಿ ಸೌದಿ ಅರೇಬಿಯಾದ ತೀರದ ಉಪ್ಪುಜೌಗುಗಳಿಗೆ ತೈಲ ಆಳಕ್ಕೆ ಇಳಿದದ್ದು ಏಡಿ ಬಿಲಗಳ ಮೂಲಕವೇ. ಇಳಿದ ಮೇಲೆ ಅಲ್ಲಿ ಆಮ್ಲಜನಕವಿಲ್ಲ. ಎಣ್ಣೆಯನ್ನು ತಿಂದು ಕರಗಿಸುವ ಬ್ಯಾಕ್ಟೀರಿಯಾಗಳು ವೇಗವಾಗಿ ಕೆಲಸ ಮಾಡಲು ಗಾಳಿಯೂ ಬೇಕು, ಸಾರಜನಕ, ರಂಜಕಗಳೂ ಬೇಕು. ಅಮೆರಿಕದ ಮ್ಯಾಸಚೂಸೆಟ್ಸ್‌ನ ವೆಸ್ಟ್ ಫಾಲ್ಮತ್‌ನಲ್ಲಿ 1969ರಲ್ಲಿ ಒಂದು ಬಾರ್ಜ್ (ಚಪ್ಪಟೆ ತಳದ ಸರಕು ದೋಣಿ) ಒಡೆದು ಡೀಸೆಲ್‌ನಂಥ ತೈಲ ಜೌಗಿಗೆ ಸೇರಿತು. ಮೂವತ್ತು ವರ್ಷ ಕಳೆದ ಮೇಲೂ ಒಂದು ಗೇಣಿನೊಳಗಿನ ಆಳದಲ್ಲೇ ಅದು ಉಳಿದಿತ್ತು, ಅಲ್ಲಿನ ಏಡಿಗಳು ಆ ಪದರಕ್ಕೆ ಹೋಗದೆ ಬಿಲವನ್ನು ಗಿಡ್ಡವಾಗಿಯೇ ತೋಡುತ್ತಿದ್ದವು. ಆ ಏಡಿಗಳ ವಿಷಯ ಹೇಳುವಾಗ ನನಗೆ ಪ್ರತಿ ಸಲವೂ ಸಂಕಟವಾಗುತ್ತದೆ.

ಇನ್ನು ಹೂಳಿಕೆ. ದಪ್ಪ ಮರಳಿನ ಬಾಟಲಿಯಲ್ಲಿ ಎಣ್ಣೆಯ ಮೇಲೆ ಮೂರು ಬೆರಳು ಶುಚಿ ಮರಳು ಹರಡಿ. ಮೇಲಿನಿಂದ ನೋಡಿದವರಿಗೆ ತೀರ ಸ್ವಚ್ಛ! ನಮ್ಮ ಕರಾವಳಿಯಲ್ಲಿ ಮುಂಗಾರಿನ ಅಲೆಗಳು ಮರಳನ್ನು ಕೊಚ್ಚಿಕೊಂಡು ಹೋಗಿ, ಮಳೆಗಾಲ ಮುಗಿದ ಮೇಲೆ ಮರಳಿ ತಂದು ಹಾಸುತ್ತವೆ. ಆದ್ದರಿಂದ ಎಣ್ಣೆ ಯಾವ ತಿಂಗಳಲ್ಲಿ ಬಂತು ಎಂಬುದು ಎಷ್ಟು ಬಂತು ಎಂಬುದರಷ್ಟೇ ಮುಖ್ಯ. 2006ರ ಮೇ 30ರಂದು ಕಾರವಾರದ ಬಳಿ ಓಷನ್ ಸೆರಾಯ ಎಂಬ ಸರಕು ಹಡಗು ಬಂಡೆಗೆ ಸಿಕ್ಕಿ ಇಂಧನ ತೈಲ ಸೋರಿತು; ಅದು ಮುಂಗಾರಿನ ಹೊಸ್ತಿಲು. ಅದೇ ತೈಲ ಅಕ್ಟೋಬರಿನಲ್ಲಿ ಬಂದಿದ್ದರೆ ಮರಳಿ ಬರುವ ಮರಳಿನಡಿ ಸಿಕ್ಕಿಕೊಂಡು, ಮುಂದಿನ ಜೂನ್‌ನಲ್ಲಿ ಮತ್ತೆ ಮೇಲೇಳುವ ಸಾಧ್ಯತೆ ಹೆಚ್ಚು.

ಅಲಾಸ್ಕದಲ್ಲಿ 1989ರ ಮಾರ್ಚ್ 24ರಂದು ಎಕ್ಸಾನ್ ವಾಲ್ಡೆಜ್ ಹಡಗಿನಿಂದ ಸುಮಾರು 4 ಕೋಟಿ ಲೀಟರ್ ಕಚ್ಚಾತೈಲ ಸೋರಿತು. ದಡವನ್ನು ಬಿಸಿನೀರಿನ ರಭಸದಿಂದ ತೊಳೆದರು. ಅದರಿಂದ ಬಂಡೆಗಂಟಿದ ಜೀವಿಗಳು ಸತ್ತವು, ಕೆಲವೆಡೆ ಎಣ್ಣೆ ಇನ್ನೂ ಕೆಳಕ್ಕಿಳಿಯಿತು. 2001ರಲ್ಲಿ ಗುಂಡಿ ತೋಡಿ ನೋಡಿದಾಗ, ಪರೀಕ್ಷಿಸಿದ ತೀರಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವುಗಳಲ್ಲಿ ಎಣ್ಣೆ ಸಿಕ್ಕಿತು. ಹೀಗಾಗಿ ನಿಮ್ಮ ಬಾಟಲಿಯ ಮರಳನ್ನೂ ಮಾರನೆಯ ದಿನ ಚಮಚದಿಂದ ಪದರ ಪದರವಾಗಿ ತೆಗೆದು ಬಿಳಿ ಕಾಗದದ ಮೇಲೆ ಒತ್ತಿ ನೋಡಿ. ಎಣ್ಣೆಯ ಕಲೆ ಒಣಗುವುದಿಲ್ಲ, ನೀರಿನದು ಒಣಗುತ್ತದೆ.

ಚಿಕ್ಕದೊಂದು ಕೊನೆಯ ಪ್ರಯೋಗ. ಎರಡು ಗಾಜಿನ ಜಾಡಿಗಳಿಗೆ ಉಪ್ಪುನೀರು ಹಾಕಿ, ಒಂದಕ್ಕೆ ಮಾತ್ರ ನುಣ್ಣಗೆ ಜರಡಿ ಹಿಡಿದ ಕೆಮ್ಮಣ್ಣು ಒಂದು ಚಿಟಿಕೆ ಸೇರಿಸಿ. ಎರಡಕ್ಕೂ ನಾಲ್ಕು ಹನಿ ಎಣ್ಣೆ ಬಿಟ್ಟು ಜೋರಾಗಿ ಕುಲುಕಿ. ಕೆಮ್ಮಣ್ಣಿನಲ್ಲಿರುವ ಜೇಡಿಯ ಕಣಗಳು ಎಣ್ಣೆಯ ಹನಿಗಳ ಮೈಗೆ ಅಂಟಿಕೊಂಡು, ಅವು ಮತ್ತೆ ಒಂದಾಗದಂತೆ ತಡೆಯುತ್ತವೆ. ತೀರದ ಎಣ್ಣೆ ತಾನಾಗಿಯೇ ಕಳಚಿ ಹೋಗುವುದರಲ್ಲಿ ಇದಕ್ಕೆ ದೊಡ್ಡ ಪಾಲಿದೆ. ಸಣ್ಣ ಹನಿಗಳನ್ನು ಬ್ಯಾಕ್ಟೀರಿಯಾಗಳು ಬೇಗ ತಿನ್ನುತ್ತವೆ; ಗಟ್ಟಿ ಉಂಡೆಯಾದರೆ ಕಥೆಯೇ ಬೇರೆ. 2010ರಲ್ಲಿ ಮೆಕ್ಸಿಕೊ ಕೊಲ್ಲಿಯಲ್ಲಿ ತೈಲಬಾವಿ ಕೊರೆಯುತ್ತಿದ್ದ ಡೀಪ್‌ವಾಟರ್ ಹೊರೈಜನ್ ವೇದಿಕೆಯ ದುರಂತದಲ್ಲಿ ಫ್ಲೋರಿಡಾದ ಮರಳಿನಲ್ಲಿ ಹರಡಿಹೋದ ಎಣ್ಣೆ ಒಂದು ವರ್ಷದಷ್ಟರಲ್ಲಿ ಬಹುಪಾಲು ಕರಗಿತು. ಗಾಲ್ಫ್ ಚೆಂಡಿನ ಗಾತ್ರದ ಎಣ್ಣೆ-ಮರಳಿನ ಗಂಟುಗಳಿಗೆ ಮೂರು ದಶಕ ಬೇಕೆಂದು ಸಂಶೋಧಕರು ಅಂದಾಜಿಸಿದ್ದಾರೆ.

ಪ್ರಯೋಗ ಮುಗಿದ ಮೇಲೆ ನೀರನ್ನು ಹಳ್ಳಕ್ಕೆ ಚೆಲ್ಲಬೇಡಿ. ತೇಲುವ ಎಣ್ಣೆಯನ್ನು ಹಳೆಯ ಬಟ್ಟೆಯಿಂದ ಹೀರಿಸಿ, ಎಣ್ಣೆ ಹಿಡಿದ ಮರಳು, ಬಟ್ಟೆಗಳನ್ನು ಮುಚ್ಚಳವಿರುವ ಡಬ್ಬಿಯಲ್ಲಿ ಹಾಕಿ, ಹಳೆಯ ಆಯಿಲ್ ಸಂಗ್ರಹಿಸುವ ಗ್ಯಾರೇಜಿಗೆ ಒಪ್ಪಿಸಿ. ಸುಡಲೂಬೇಡಿ. ಹೊನ್ನಾವರ, ಕಾರವಾರದ ಕಡೆ ಶಾಲಾ ಪ್ರವಾಸ ಹೋದಾಗ ಭರತದ ಗೆರೆಯ ಬಳಿ ಡಾಂಬರಿನಂಥ ಉಂಡೆ ಕಂಡರೆ ಬರಿಗೈಯಲ್ಲಿ ಮುಟ್ಟಿಸಬೇಡಿ. ಪಕ್ಕದಲ್ಲಿ ಮೊಣಕೈ ಆಳದ ಗುಂಡಿ ತೋಡಿಸಿ, ಗೋಡೆಯಲ್ಲಿ ಕಂದು ಪಟ್ಟಿ ಇದೆಯೇ ನೋಡಿಸಿ, ಆಳವನ್ನು ಅಳೆದು ಪುಸ್ತಕದಲ್ಲಿ ಬರೆಸಿ, ಗುಂಡಿ ಮುಚ್ಚಿಸಿ.